ಜ್ಯೂಸ್ ತಾತ

ನಾನು ಆ ತಾತನನ್ನು ಮೊದಲು ನೋಡಿದ್ದು ಮಕ್ಕಳ ಹಲ್ಲಿನ ಆಸ್ಪತ್ರೆಯಲ್ಲಿ, ಅಲ್ಲಿ ದಾದಿಯಾಗಿ ಸೇರಿದ ಎರಡನೆಯ ವಾರ. ಬಾಗಿಲ ಪಕ್ಕದ ಬೆಂಚಿನ ಮೇಲೆ ನಾಲ್ಕು ವರ್ಷದ ಮೊಮ್ಮಗಳು ಕೆನ್ನೆ ಊದಿಸಿಕೊಂಡು ಕೂತಿದ್ದಳು. ತಾತನ ಅಂಗಿಯ ಜೇಬಿನಿಂದ ಜ್ಯೂಸ್ ಪೊಟ್ಟಣದ ಸ್ಟ್ರಾ ಇಣುಕುತ್ತಿತ್ತು. ಆ ಜೇಬು ಖಾಲಿ ಇದ್ದದ್ದನ್ನು ಕಂಡವರಿಲ್ಲ. ಮಗು ಅತ್ತರೆ ಜ್ಯೂಸ್, ನಕ್ಕರೆ ಜ್ಯೂಸ್, ಸೀನಿದರೂ ಜ್ಯೂಸ್. "ಇದು ಬರೀ ಸಕ್ಕರೆ ನೀರು ತಾತ" ಎಂದರೆ, "ಎಲ್ಲಿ ಸಕ್ಕರೆ? ಕಿತ್ತಳೆ ಹಣ್ಣಿನ ಚಿತ್ರ ಇದೆ ನೋಡಮ್ಮ, ಕಣ್ಣು ಕಾಣಲ್ವಾ?" ಎಂದು ನನ್ನನ್ನೇ ಗದರುತ್ತಿದ್ದರು. ಪಕ್ಕದಲ್ಲೇ ಕೂತ ಸೊಸೆ ಬೈದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಒಳಕೋಣೆಯಲ್ಲಿ ಮೊಮ್ಮಗಳು "ತಾತಾ" ಎಂದು ಪಿಸುಗುಟ್ಟಿದರೆ ಕೇಳಿಸುತ್ತಿತ್ತು. ಮಗುವಿನ ಎರಡು ಹಲ್ಲು ಕಿತ್ತ ದಿನ ನಾನು ಖಡಾಖಂಡಿತವಾಗಿ ಹೇಳಿದೆ, ಇನ್ನು ಮೇಲೆ ಜೇಬಿನಲ್ಲಿ ಇದು ಬೇಡ ಎಂದು. ಅವರು ಎಂದಿನಂತೆ ಜಗಳಕ್ಕೆ ಬರಲಿಲ್ಲ. ಸ್ಟ್ರಾವನ್ನು ಬೆರಳಿಗೆ ಸುತ್ತುತ್ತಾ, "ಇವಳ ಅಜ್ಜಿ ಇದ್ದಾಗ ಕಥೆ ಹೇಳೋಳು, ಹಾಡೋಳು. ನನಗೆ ಅದೆಲ್ಲ ಬರಲ್ಲಮ್ಮ. ಇದೂ ಇಲ್ಲದಿದ್ರೆ ಮಗು ನನ್ನ ಹತ್ರ ಯಾಕೆ ಬರುತ್ತೆ?" ಎಂದರು. ಮುಂದಿನ ತಪಾಸಣೆಗೆ ಬಂದಾಗ ಮೊಮ್ಮಗಳು ಅಭ್ಯಾಸದಂತೆ ಆ ಜೇಬಿಗೆ ಕೈ ಹಾಕಿದಳು, ತಡಕಾಡಿದಳು, ಏನೂ ಸಿಗಲಿಲ್ಲ. ಕೈಯನ್ನು ಅಲ್ಲೇ ಬಿಟ್ಟು ತಾತನ ಎದೆಗೊರಗಿ ನಿದ್ದೆಹೋದಳು. ತಮ್ಮ ಸರದಿ ಬಂದರೂ ಅವರು ಮೇಲೇಳಲಿಲ್ಲ. ಈಗ ಅವರು ಖಾಲಿ ಜೇಬಿನಲ್ಲೇ ಬರುತ್ತಾರೆ, ಮಗುವಿಗೆ ಬಾಯಾರಿದಾಗ ಮೂಲೆಯ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಕುಡಿಸುತ್ತಾರೆ.