ಲೊವ್‌ಬಾಕೆನ್‌ನ ಆಂಡರ್ಸನ್‌ರನ್ನು ಮೇಲ್ಮನೆಗೆ ಕಳಿಸಿದವರು ಯಾರು?

ಕೋವಿಡ್ ಕಾಟ ಮುಗಿದು, ಗೋಥೆನ್‌ಬರ್ಗಿನ ಆಫೀಸುಗಳಲ್ಲಿ ಜನ ಮತ್ತೆ ಎದುರುಬದುರು ಕೂತು ಕಾಫಿ ಕುಡಿಯತೊಡಗಿದ್ದ ವರ್ಷ ಅದು. ನಾನಾಗ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟ್ ಲೀಡ್. ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ಹುಳುಕು ಹುಡುಕುವುದೇ ನನ್ನ ಹೊಟ್ಟೆಪಾಡು. ಧಾರವಾಡದವಳು, ಮಾತು ಸ್ವಲ್ಪ ಖಾರ. ಈ ಕೆಲಸಕ್ಕೆ ಹೇಳಿ ಮಾಡಿಸಿದ ಗುಣ ಅಂತ ಟೀಮಿನವರು ಛೇಡಿಸುತ್ತಿದ್ದರು. ಈಗ ನಿವೃತ್ತಳಾಗಿದ್ದೇನೆ, ಖಾರ ಹಾಗೇ ಇದೆ.

ಆ ವರ್ಷ ಒಂದು ಸಣ್ಣ ಮ್ಯೂಸಿಯಂ ಕೆಲಸ ಬಂತು. ಸ್ವೀಡನ್ನಿನ ಸಂಸತ್ತಿಗೆ ಈಗ ಒಂದೇ ಸದನ. ಹಿಂದೆ ಮೇಲ್ಮನೆಯೂ ಇತ್ತು. ಅದಕ್ಕೆ ಸದಸ್ಯರನ್ನು ಜನ ನೇರವಾಗಿ ಆರಿಸುತ್ತಿರಲಿಲ್ಲ. ಜಿಲ್ಲಾ ಮಂಡಳಿಗಳೂ ದೊಡ್ಡ ನಗರಗಳ ಕೌನ್ಸಿಲ್‌ಗಳೂ ಆರಿಸಿ ಕಳಿಸುತ್ತಿದ್ದವು. ಎರಡು ಮಹಾಯುದ್ಧಗಳ ನಡುವೆ ಅಲ್ಲಿ ಕೂತವರನ್ನೆಲ್ಲ ಒಂದು ದೊಡ್ಡ ಟಚ್‌ಸ್ಕ್ರೀನಿನಲ್ಲಿ ಹುಡುಕಲು ಬರುವಂತೆ ಮಾಡಬೇಕಿತ್ತು.

ಈ ದೇಶದಲ್ಲಿ ಕಲ್ಲೆಸೆದರೆ ಒಬ್ಬ ಆಂಡರ್ಸನ್ನಿಗೆ ತಾಗುತ್ತದೆ. ಹಾಗಾಗಿ ಸದನದಲ್ಲಿ ಒಂದೇ ಹೆಸರಿನವರಿದ್ದರೆ ಅವರ ಊರನ್ನೂ ಸೇರಿಸಿ, ಇಂಥ ಊರಿನ ಆಂಡರ್ಸನ್, ಇಂಥ ಊರಿನ ಯೋಹಾನ್ಸನ್ ಅಂತ ಕರೆಯುವ ರೂಢಿ ಇತ್ತು. ಹೆಸರಿನ ಜೊತೆ ಊರು ಹೊತ್ತು ತಿರುಗುವ ನಮ್ಮಂಥವರಿಗೆ ಇದು ಬಹಳ ಹಿಡಿಸಿತು. ಪ್ರೋಗ್ರಾಂ ಬರೆಯುತ್ತಿದ್ದ ರಘುಗಂತೂ ಇನ್ನಷ್ಟು. ಬೆಂಗಳೂರಿನವನು, ಚುರುಕು ತಲೆ, ಮಗಳನ್ನು ದಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಬಿಟ್ಟು ಟ್ರಾಮ್ ಹಿಡಿದು ಓಡಿ ಬರುತ್ತಿದ್ದ. ಅವನೊಂದು ನಿಯಮ ಬರೆದಿದ್ದ: ಹೆಸರಿನ ಜೊತೆ ಇರುವ ಊರು, ಆ ಸದಸ್ಯರನ್ನು ಆರಿಸಿದ ಜಿಲ್ಲೆಯೊಳಗೇ ಇರಬೇಕು. ಇಲ್ಲದಿದ್ದರೆ ದಾಖಲೆಯಲ್ಲಿ ಏನೋ ಎಡವಟ್ಟಾಗಿದೆ ಅಂತ ಲೆಕ್ಕ. ಅದು ಸ್ಕ್ರೀನಿಗೆ ಬರುವುದಿಲ್ಲ. ನಮ್ಮಲ್ಲಿ ಎಂಎಲ್ಎ ಅಂದ ಕೂಡಲೇ ಅವರ ಕ್ಷೇತ್ರದ ಹೆಸರು ಬಾಯಿಗೆ ಬರುವುದಿಲ್ಲವೇ? ಅವನ ತರ್ಕ ಅಲ್ಲಿಂದ ಹುಟ್ಟಿದ್ದು.

ಉದ್ಘಾಟನೆಗೆ ಮುಂಚೆ ಒಂದು ದಿನ ಊರಿನವರನ್ನು ಕರೆದು, ನೀವೇ ಹುಡುಕಿ ನೋಡಿ ಅಂದೆವು. ಬಂದವರಲ್ಲಿ ತೊಂಬತ್ತು ದಾಟಿದ ಇಂಗ್ರಿಡ್ ಎಂಬಾಕೆ ಇದ್ದರು. ಚಕ್ರದ ವಾಕರ್ ತಳ್ಳಿಕೊಂಡು, ತುಟಿಗೆ ನೀಟಾಗಿ ಬಣ್ಣ ಹಚ್ಚಿಕೊಂಡು ಬಂದಿದ್ದರು. ಒಂದೊಂದೇ ಅಕ್ಷರ ಒತ್ತಿ ತಮ್ಮ ತಂದೆಯ ಹೆಸರು ಹಾಕಿದರು: ಲೊವ್‌ಬಾಕೆನ್‌ನ ಆಂಡರ್ಸನ್. ಆ ಹಳ್ಳಿ ಗೋಥೆನ್‌ಬರ್ಗಿನ ಮಗ್ಗುಲಲ್ಲೇ ಇದೆ. ಸ್ಕ್ರೀನು 'ಯಾರೂ ಸಿಗಲಿಲ್ಲ' ಅಂತು.

ಇಂಗ್ರಿಡ್ ಕೂಗಾಡಲಿಲ್ಲ. "ಹಾಗಾದ್ರೆ ಅದು ಅಮ್ಮ ಕಟ್ಟಿದ ಕಥೆಯೇ," ಅಂದು ವಾಕರ್ ತಿರುಗಿಸಿದರು. ನನಗೆ ತಡೆಯಲಾಗಲಿಲ್ಲ. ಏನು ಕಥೆ ಅಂತ ಕೇಳಿ, ಅವರನ್ನು ಕುರ್ಚಿಯಲ್ಲಿ ಕೂರಿಸಿದೆ.

ಇಂಗ್ರಿಡ್ ಪುಟ್ಟ ಮಗುವಾಗಿದ್ದಾಗಲೇ ತಂದೆ ತೀರಿಕೊಂಡಿದ್ದರು. ತಾಯಿ ಮಗಳನ್ನು ಕರೆದುಕೊಂಡು ಎಸ್ಕಿಲ್‌ಸ್ಟುನಾ ಎಂಬ ದೂರದ ಊರಿಗೆ ಹೋಗಿ ಕಾರ್ಖಾನೆ ಸೇರಿದರು. ನನ್ನ ಗಂಡ ಮೇಲ್ಮನೆಯಲ್ಲಿ ಕೂತಿದ್ದ ಅಂತ ಆಕೆ ಹೇಳಿದಾಗಲೆಲ್ಲ ಜೊತೆಯ ಕೆಲಸಗಾರರು ಬಿದ್ದು ಬಿದ್ದು ನಗುತ್ತಿದ್ದರಂತೆ. ನಗದೆ ಏನು? ಬಹಳ ಕಾಲ ಆ ಸದನಕ್ಕೆ ಹೋಗಲು ಇಷ್ಟು ಆಸ್ತಿ ಇಲ್ಲವೇ ಇಷ್ಟು ವರಮಾನ ಇರಬೇಕು ಅಂತ ಕಾನೂನಿತ್ತು. ಆ ಕಾನೂನು ಹೋದ ಮೇಲೂ ಜನರ ಕಣ್ಣಲ್ಲಿ ಅದು ಶ್ರೀಮಂತರ ಮನೆ. ಅಂಥವನ ಹೆಂಡತಿ ಇಲ್ಲಿ ಬಂದು ಮೆಷಿನ್ ಒರೆಸುತ್ತಾಳೆಯೇ?

"ನಾನೂ ಒಂದು ದಿನ ಅಂದುಬಿಟ್ಟೆ," ಅಂದರು ಇಂಗ್ರಿಡ್. "ಸಾಕು ನಿಲ್ಲಿಸಮ್ಮ, ನನಗೆ ನಾಚಿಕೆ ಆಗುತ್ತೆ ಅಂತ. ಆಮೇಲೆ ಅಮ್ಮ ಸಾಯೋವರೆಗೂ ಆ ಮಾತು ಎತ್ತಲಿಲ್ಲ."

ರಘುವನ್ನು ಪಕ್ಕಕ್ಕೆ ಕರೆದೆ.

"ಅಕ್ಕಾ, ಪಾಪ, ತುಂಬಾ ವಯಸ್ಸಾಗಿದೆ," ಅಂದ ಅವನು. "ಡೇಟಾ ಕ್ಲೀನ್ ಇದೆ. ನಾನೇ ಚೆಕ್ ಮಾಡಿದೀನಿ."

"ಕ್ಲೀನ್ ಇದ್ದಿದ್ರೆ ನನಗ್ಯಾಕೆ ಸಂಬಳ ಕೊಡ್ತಿದ್ರಪ್ಪಾ?"

ಅಷ್ಟರಲ್ಲಿ ಫೀಕಾ ಹೊತ್ತಾಯಿತು. ಫೀಕಾ ಅಂದರೆ ಕಾಫಿ ಬಿಡುವು. ಆಕಾಶ ಕಳಚಿ ಬಿದ್ದರೂ ಸ್ವೀಡನ್ನಿನವರು ಅದನ್ನು ತಪ್ಪಿಸುವುದಿಲ್ಲ. ಮ್ಯೂಸಿಯಂ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಮರಿಯಾ ಬಿಸಿ ದೋಸೆಯಂಥ ವಾಫಲ್ ತಂದಿಟ್ಟಳು, ಮೇಲೊಂದಿಷ್ಟು ಕಿತ್ತಳೆ ಬಣ್ಣದ ಕಾಡುಹಣ್ಣಿನ ಜಾಮ್. ಅದನ್ನು ನೋಡಿದ್ದೇ ಇಂಗ್ರಿಡ್ ಮುಖ ಅರಳಿತು. "ಅಪ್ಪನ ಜಾಮ್! ನನ್ನನ್ನ ಸದನಕ್ಕೆ ಕಳಿಸಿದವರನ್ನ ನೋಡಿ ಬರ್ತೀನಿ ಅಂತ ಅಪ್ಪ ಹೋಗ್ತಿದ್ರಂತೆ. ಪ್ರತಿ ಸಲ ಇದರದ್ದೊಂದು ಜಾಡಿ ತರ್ತಿದ್ರು ಅಂತ ಅಮ್ಮ ಹೇಳ್ತಿದ್ಳು."

ನಾನು ಚಮಚ ಕೆಳಗಿಟ್ಟೆ. ಆ ಹಣ್ಣು ನನಗೆ ಗೊತ್ತು. ಉತ್ತರದ ಚಳಿನಾಡಿನ ಜೌಗು ನೆಲದಲ್ಲಿ ಹೇರಳವಾಗಿ ಬೆಳೆಯುವಂಥದ್ದು. ಅಲ್ಲಿಂದ ಬರುವವರು ಅಕ್ಕರೆಯಿಂದ ತಂದುಕೊಡುತ್ತಾರೆ. ಗೋಥೆನ್‌ಬರ್ಗಿನ ಪಕ್ಕದ ಹಳ್ಳಿಯವನನ್ನು ಪಕ್ಕದ ಜಿಲ್ಲೆಯವರೇ ಆರಿಸಿದ್ದರೆ, ಪ್ರತಿ ಸಲ ಉತ್ತರದ ಜಾಡಿ ಎಲ್ಲಿಂದ ಬರಬೇಕು? "ನಿಮ್ಮ ತಂದೆಗೆ ಏನು ಕೆಲಸ?" ಅಂತ ಕೇಳಿದೆ. ಕಾರ್ಮಿಕ ಸಂಘದ ಭಾಷಣಕಾರರು, ಉತ್ತರದ ಕಾಡುಗಳಲ್ಲಿ ಮರ ಕಡಿಯುವವರ ನಡುವೆ ವರ್ಷಗಟ್ಟಲೆ ಓಡಾಡಿದವರು ಅಂದರು.

ಮಾತೆಲ್ಲ ಸ್ವೀಡಿಷ್‌ನಲ್ಲೇ ನಡೆದಿತ್ತು. ರಘು ಮಾತ್ರ ಕನ್ನಡದಲ್ಲಿ ಚೀರಿದ. "ಅಯ್ಯೋ ಅಕ್ಕಾ! ರಾಜ್ಯಸಭೆ!"

ಹೌದಲ್ಲ! ಇನ್ಯಾವುದೋ ರಾಜ್ಯದವರು ನಮ್ಮ ಕರ್ನಾಟಕದಿಂದ ಆಯ್ಕೆಯಾಗಿ ಅಲ್ಲಿಗೆ ಹೋಗುತ್ತಾರೆ, ನಮ್ಮಲ್ಲೇನು ಜನಕ್ಕೆ ಬರವೇ ಅಂತ ನಾವು ಪ್ರತಿ ಸಲ ಪೇಪರ್ ಓದಿ ಗೊಣಗುತ್ತೇವೆ. ಕಣ್ಣೆದುರೇ ಇದ್ದದ್ದು ಹೊಳೆದಿರಲಿಲ್ಲ. ಮರಿಯಾಳನ್ನು ಕೇಳಿದರೆ, "ಹೌದು, ಮೇಲ್ಮನೆಯವರು ತಮ್ಮನ್ನು ಆರಿಸಿದ ಜಿಲ್ಲೆಯಲ್ಲೇ ವಾಸ ಇರಬೇಕು ಅಂತೇನೂ ಇರಲಿಲ್ಲ, ನಿಮಗೆ ಗೊತ್ತಿದೆ ಅಂದುಕೊಂಡೆ," ಅಂತ ತಣ್ಣಗೆ ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಕೂಗುವುದು? ನಮಗೆ ಕೇಳಲು ತೋಚಿರಲಿಲ್ಲ, ಅವಳಿಗೆ ಹೇಳಲು ತೋಚಿರಲಿಲ್ಲ.

ರಘು ಅಲ್ಲೇ ಲ್ಯಾಪ್‌ಟಾಪ್ ತೆಗೆದು ಆ ನಿಯಮ ಕಿತ್ತುಹಾಕಿದ. ಎಡವಟ್ಟು ಅಂತ ಹೊರಗಿಟ್ಟಿದ್ದ ಸದಸ್ಯರೆಲ್ಲ ಒಳಗೆ ಬಂದರು. ಅವರ ನಡುವೆ ಇದ್ದರು ಲೊವ್‌ಬಾಕೆನ್‌ನ ಆಂಡರ್ಸನ್: ಮನೆ ಪಶ್ಚಿಮ ಕರಾವಳಿಯಲ್ಲಿ, ಆರಿಸಿದ್ದು ಉತ್ತರದ ಜಿಲ್ಲೆ. ಯಾರೋ ಸದಸ್ಯರು ಅವಧಿಯ ನಡುವೆ ತೀರಿಕೊಂಡಾಗ ಆ ಜಾಗಕ್ಕೆ ಹೋದವರು. ಆದರೆ ಇಂಗ್ರಿಡ್‌ಗೆ ಆಗಲೇ ಹೇಳಬೇಡಿ ಅಂದಳು ಮರಿಯಾ. ಸದನದ ಅಚ್ಚಾದ ನಡಾವಳಿ ನೋಡಿ ಖಾತ್ರಿ ಮಾಡಿಕೊಳ್ಳದೆ ಆ ಜೀವಕ್ಕೆ ಆಸೆ ಹುಟ್ಟಿಸುವುದು ಬೇಡ ಅಂತ. ಅವಳು ಹೇಳಿದ್ದು ಸರಿಯಾಗಿತ್ತು. ಖಾತ್ರಿಯಾದ ಕೂಡಲೇ, ಇನ್ನೊಮ್ಮೆ ಬನ್ನಿ ಅಂತ ನಾನೇ ಫೋನ್ ಮಾಡಿದೆ.

ಈ ಕೆಲಸ ನನಗೆ ಕಲಿಸಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದರ ಮೇಲೆ ಮಾತು ಸೇರಿಸುವ ಧೈರ್ಯ ನನಗಿಲ್ಲ. ನಮ್ಮ ಲೆಕ್ಕಕ್ಕೆ ಹೊಂದದ್ದನ್ನು ತಪ್ಪು ಅಂತ ಹೊರಗಿಡುವ ಮುಂಚೆ, ಆ ಲೆಕ್ಕ ಯಾವ ಊರಿಂದ ತಂದಿದ್ದು ಅಂತ ನಮ್ಮನ್ನೇ ಕೇಳಿಕೊಳ್ಳಬೇಕು. ಅದಾದ ಮೇಲೆ ನನ್ನ ಯಾವ ಪ್ರಾಜೆಕ್ಟಿನಲ್ಲೂ 'ತಪ್ಪುಗಳು' ಎಂಬ ಫೋಲ್ಡರ್ ಇರಲಿಲ್ಲ. 'ಕೇಳಬೇಕಾದವು' ಅಂತ ಇರುತ್ತಿತ್ತು.

ಇಂಗ್ರಿಡ್ ಬಂದರು. ಮತ್ತೆ ಒಂದೊಂದೇ ಅಕ್ಷರ ಒತ್ತಿದರು. ತಂದೆಯ ಹೆಸರು ಬಂತು, ಕೆಳಗೆ ಸದನದಲ್ಲಿ ಅವರು ಆಡಿದ ಒಂದೇ ಒಂದು ಭಾಷಣ ಬಂತು: ಮರ ಕಡಿಯುವವರು ಮಲಗುವ ಗುಡಿಸಲುಗಳ ಬಗ್ಗೆ. ಅವರು ಅದನ್ನು ಪೂರ್ತಿ ಓದಿದರು. ಅಪ್ಪನ ಬಗ್ಗೆ ಏನಾದರೂ ಅನ್ನುತ್ತಾರೆ ಅಂತ ನಾವೆಲ್ಲ ಕಾದು ನಿಂತಿದ್ದೆವು.

ಅವರು ಸ್ಕ್ರೀನಿನ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ ಮೆಲ್ಲಗೆ ಅಂದರು: "ಹೇಳಮ್ಮ. ಈಗ ಹೇಳು, ನಾನು ಕೇಳ್ತೀನಿ."