ಟವೆಲ್ ಹತ್ತಿ ಹೋದವರು

ಸಲೂನಿನ ಯಜಮಾನನಿಗೆ ಹೊಟ್ಟೆಕಿಚ್ಚು. ಯಾರ ಮೇಲೆ ಅಂತೀರಿ? ಎದುರು ಬೀದಿಯಲ್ಲಿ ಎ.ಸಿ. ಹಾಕಿಸಿ ಹೊಸ ಸಲೂನ್ ತೆರೆದವನ ಮೇಲಲ್ಲ. ಗೇಣುದ್ದದ ಎರಡು ಸಲಮಾಂಡರ್‌ಗಳ ಮೇಲೆ! ಆಕಾರ ಹಲ್ಲಿಯದು, ಒದ್ದೆ ಚರ್ಮ ಕಪ್ಪೆಯದು, ಮೈತುಂಬ ಹಳದಿ ಚುಕ್ಕೆ. ಶಾಲೆಯ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದ ಹೆಂಡತಿ, ಅಲ್ಲಿ ಜಾಗವಿಲ್ಲವೆಂದು ಗಾಜಿನ ತೊಟ್ಟಿಯ ಸಮೇತ ಅವನ್ನು ಮನೆಗೆ ತಂದಿದ್ದಳು.

ಒಂದರ ಹೆಸರು ಚಿನ್ನ, ಇನ್ನೊಂದರದು ಬಂಗಾರ. ಗಂಡ ಮಾತ್ರ ಬರೀ ‘ರೀ’. ಮದುವೆಯಾದಾಗಿನಿಂದ ಅವಳ ಬಾಯಿಂದ ತನಗೆ ಒಂದೇ ಒಂದು ಮುದ್ದಿನ ಮಾತು ಬಂದಿಲ್ಲ ಎಂಬ ಕೊರಗು ಅವನಿಗೆ ಮೊದಲಿಂದಲೂ ಇತ್ತು. ಈಗಂತೂ ಗಾಯದ ಮೇಲೆ ಉಪ್ಪು ಸವರಿದಂತಾಯಿತು. ಸಂಜೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ತೊಟ್ಟಿಯ ಮುಂದೆ ನಿಲ್ಲುತ್ತಿದ್ದಳು. ಎರೆಹುಳುವನ್ನು ಸಣ್ಣಗೆ ಹೆಚ್ಚಿ ಚಿಮಟದಲ್ಲಿ ಹಿಡಿದು ಉಣಿಸುತ್ತಿದ್ದಳು. ಇವನ ಊಟ ತಟ್ಟೆ ಮುಚ್ಚಿಕೊಂಡು ಮೂಲೆಯಲ್ಲಿ ತಣ್ಣಗಾಗುತ್ತಿತ್ತು.

“ನಂದು ಊಟ ಆಯ್ತಾ ಅಂತ ಒಂದಿನ ಕೇಳಿದ್ದೀಯಾ?”

“ನಿಮಗೇನು ಕೈಯಿಲ್ವಾ, ಬಡಿಸ್ಕೊಳ್ಳೋಕೆ?”

ಅವಕ್ಕೂ ಕೈಯಿತ್ತು, ಬೆರಳುಗಳ ಸಮೇತ! ಮೈಯೆಲ್ಲ ಉರಿದು ಅವನು, “ಒಂದಿನ ಎರಡನ್ನೂ ಚರಂಡಿಗೆ ಬಿಡ್ತೀನಿ, ನೋಡ್ತಿರು” ಎಂದು ಗುಡುಗುತ್ತಿದ್ದ. ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಸಲೂನಿಗೆ ವಾರದ ರಜೆಯಿದ್ದ ದಿನ ಅಂಗಡಿಯ ಟವೆಲ್‌ಗಳನ್ನೆಲ್ಲ ಒಗೆಯುವುದು ಅವನ ಪದ್ಧತಿ. ಅವತ್ತು ಮೋಡ. ಹಗ್ಗ ತುಂಬಿತು, ಕುರ್ಚಿ, ಕಿಟಕಿ, ಮಂಚದ ಅಂಚು ಎಲ್ಲವೂ ತುಂಬಿದವು. ಉಳಿದ ಒಂದನ್ನು ತೊಟ್ಟಿಯ ಅಂಚಿಗೆ ನೇತುಹಾಕಿ ಮಲಗಿದ. ತೊಟ್ಟಿ ಆಳ, ಗಾಜು ನುಣುಪು, ಅದಕ್ಕೇ ಮುಚ್ಚಳ ಇರಲಿಲ್ಲ. ಆದರೆ ಟವೆಲಿನ ತುದಿ ನೀರಿಗೆ ತಾಗಿತ್ತು. ಎದ್ದು ನೋಡಿದರೆ ತೊಟ್ಟಿ ಖಾಲಿ.

‘ಪೀಡೆ ತೊಲಗಿತು’ ಎಂದು ಅವನು ಶಿಳ್ಳೆ ಹಾಕಿದ, ಸುಳ್ಳೇಕೆ ಹೇಳಬೇಕು. ಮರುಗಳಿಗೆಯೇ ಚರಂಡಿಯ ಮಾತು ನೆನಪಾಯಿತು. ಬೇಕೆಂತಲೇ ಮಾಡಿದನೆಂದು ಅವಳು ತಿಳಿದರೆ? ಆಮೇಲೆ ‘ರೀ’ ಅನ್ನುವುದೂ ನಿಂತೀತು. ಬಕೆಟ್ ಸರಿಸಿದ, ಚಪ್ಪಲಿ ಕೊಡವಿದ. ಅಷ್ಟರಲ್ಲಿ ಅವಳು ಬಂದೇಬಿಟ್ಟಳು.

“ನಾನು ಬಿಟ್ಟಿಲ್ಲ ಕಣೇ! ಟವೆಲ್ ಹತ್ಕೊಂಡು ಹೋಗಿವೆ!” ಅವಳು ಕೇಳುವ ಮೊದಲೇ ಅವನು ಬಡಬಡಿಸಿದ.

ಅವಳು ಬೈಯಲಿಲ್ಲ. “ಚರ್ಮ ಒಣಗಿದ್ರೆ ಸತ್ತೇ ಹೋಗ್ತವೆ ರೀ” ಎಂದು ಚೀಲ ಬಿಸುಟು ನೆಲಕ್ಕೆ ಮಂಡಿಯೂರಿದಳು. ಬಂಗಾರ ಬಚ್ಚಲ ಮೂಲೆಯಲ್ಲಿ ಸಿಕ್ಕಿತು. ಚಿನ್ನದ ಸುಳಿವಿರಲಿಲ್ಲ.

ಅವನು ಮಂಚದ ಕೆಳಗೆ ತೆವಳಿದ. ಜಾರಿಬಿದ್ದ ಒದ್ದೆ ಟವೆಲಿನ ಮಡಿಕೆಯಲ್ಲಿ ಅದು ಮುದುಡಿ ಕೂತಿತ್ತು, ಜೀವಂತವಾಗಿ. ಟವೆಲ್ ಸಮೇತ ಅಂಗೈಗೆ ತೆಗೆದುಕೊಂಡ. ‘ಸಿಕ್ತು’ ಎನ್ನಲು ಬಾಯಿ ತೆರೆದ.

“ಎಲ್ಲಿದ್ದೀಯೋ ನನ್ನ ಚಿನ್ನಾ? ಬಾರೋ, ಇನ್ನು ಬೈಯಲ್ಲ, ಬಂದ್ಬಿಡೋ…” ಅಡುಗೆಮನೆಯಿಂದ ಅವಳ ದನಿ ಬಂತು. ಅಳು ಬೆರೆತ, ಅವನೆಂದೂ ಕೇಳಿರದ ದನಿ.

ಅವನು ಬಾಯಿ ಮುಚ್ಚಿಕೊಂಡ. ಅವಳು ಮತ್ತೆ ಕರೆದಳು, ಮತ್ತೂ ಕರೆದಳು. ಅವನು ಧೂಳಿನಲ್ಲಿ ಅಂಗಾತ ಮಲಗಿ ಕೇಳುತ್ತಲೇ ಇದ್ದ.

ಕೊನೆಗೆ ಅವಳ ಮುಖ ಮಂಚದ ಕೆಳಗೆ ಬಗ್ಗಿತು. “ಅಯ್ಯೋ, ಕೈಯಲ್ಲೇ ಇದೆಯಲ್ಲ! ಯಾವಾಗ ಸಿಕ್ತು?”

“ಆಗ್ಲೇ.”

“ಮತ್ತೆ ಬಾಯಲ್ಲೇನಿಟ್ಕೊಂಡಿದ್ರಿ?”

“ನೀನು ಕರೀತಿದ್ದೆಯಲ್ಲ… ಕೇಳ್ತಾ ಇದ್ದೆ. ನನ್ನ ಒಂದ್ಸಲನೂ ಹಾಗೆ ಕರೆದಿಲ್ಲ ನೀನು.”

ಅವಳು ಕೈ ಒದ್ದೆ ಮಾಡಿಕೊಂಡು ಬಂದು, ಅವನ ಅಂಗೈಯಿಂದ ಅದನ್ನು ಮೆಲ್ಲಗೆ ಎತ್ತಿಕೊಂಡಳು.

“ನೀವು ಯಾವತ್ತಾದ್ರೂ ಕಳೆದುಹೋಗಿದ್ರೆ ತಾನೇ ರೀ, ಕರೆಯೋದು?”