ಫ್ರಿಜ್ಜಿನ ಮುಂದಿನ ಚಪ್ಪಲಿ

ಇದು ಕಳೆದ ಬೇಸಿಗೆಯ ಮಾತು. ದಾಂಡೇಲಿಯ ಬಂಗೂರನಗರದ ಹತ್ತಿರ ನಾವು ಬಾಡಿಗೆಗಿದ್ದ ಮನೆಯಲ್ಲಿ ಫ್ರಿಜ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಮಾಲೀಕರಿಗೆ ಹೇಳಿದರೆ, "ಸಣ್ಣ ಕರೆಂಟ್ ರೀ ಅದು, ಏನೂ ಆಗೂದಿಲ್ಲ" ಎಂದು ನಕ್ಕುಬಿಟ್ಟರು. ಸರಿ, ನಾನೂ ನನ್ನ ಗಂಡನೂ ಅದರ ಮುಂದೆ ಒಂದು ಜೊತೆ ರಬ್ಬರ್ ಚಪ್ಪಲಿ ಇಟ್ಟೆವು. ಅದನ್ನು ಮೆಟ್ಟಿಕೊಂಡೇ ಬಾಗಿಲು ತೆಗೆಯುತ್ತಿದ್ದೆವು. ಅದೆಷ್ಟು ರೂಢಿಯಾಗಿತ್ತೆಂದರೆ, ಹಳಿಯಾಳ ಕಡೆಯ ಹಳ್ಳಿಯಿಂದ ಅತ್ತೆ ಬಂದಾಗ ಅವರಿಗೆ ಹೇಳಬೇಕೆಂದು ನಮಗೆ ಹೊಳೆಯಲೇ ಇಲ್ಲ.

ಮರುದಿನ ಗಂಡ ಕಾರ್ಖಾನೆಯ ಪಾಳಿಗೆ ಹೋದರು, ನಾನು ಪಾಠ ಹೇಳುವ ಜೋಯಿಡಾದ ಶಾಲೆಗೆ ಬಸ್ ಹತ್ತಿದೆ. ಊರು ದಾಟುತ್ತಿದ್ದಂತೆ ಅತ್ತೆಯ ಫೋನ್ ಬಂತು.

"ಅಲ್ಲವಾ ಸುಜಾತಾ, ಅಡಿಗಿ ಮನ್ಯಾಗ ಯಾರರ ಚಪ್ಪಲ್ ಇಡ್ತಾರೇನ? ಹೊರಗ ಒಗದೇನಿ ನೋಡು. ಈಗ ಮಜ್ಜಿಗಿ ತಗೊಂಡು..."

"ಅತ್ತೀ, ಫ್ರಿಜ್ ಮುಟ್ಟಬ್ಯಾಡ್ರಿ!" ಎಂದು ಕಿರುಚಿದೆ. ಅಷ್ಟರಲ್ಲಿ ಕಾಡು ಶುರುವಾಗಿ ನೆಟ್‌ವರ್ಕ್ ಹೋಯಿತು. ಅವರಿಗೆ ಕೇಳಿಸಿತೋ ಇಲ್ಲವೋ ದೇವರೇ ಬಲ್ಲ.

ಬಸ್ ನಿಲ್ಲಿಸಿ ಇಳಿದೆ. ಆ ಹಾಳು ಫೋನನ್ನು ಎತ್ತಿ ಹಿಡಿದು ರಸ್ತೆಯಲ್ಲಿ ಹುಚ್ಚಿಯಂತೆ ಆ ಕಡೆ ಈ ಕಡೆ ಓಡಾಡಿದೆ. ಎದುರಿನಿಂದ ಬಂದ ಟೆಂಪೊಗೆ ಕೈ ಅಡ್ಡ ಹಾಕಿದೆ. ಗಡ್ಡದ ಚಾಚಾ ಒಬ್ಬರು ಓಡಿಸುತ್ತಿದ್ದರು. ನನ್ನ ಮಾತು ಅರ್ಧ ಕೇಳಿ, "ಗಟ್ಟಿ ಹಿಡ್ಕೊಂಡು ಕೂಡ್ರಿ ತಂಗಿ" ಎಂದವರೇ ಎಲ್ಲೂ ನಿಲ್ಲಿಸದೆ ಸೀದಾ ಬಂಗೂರನಗರದ ಕಡೆ ಬಿಟ್ಟರು. ಊರು ಹತ್ತಿರವಾದಾಗ ಅತ್ತೆಗೆ ಫೋನ್ ಹಚ್ಚಿದೆ, ರಿಂಗ್ ಆಯಿತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ.

ಬಾಗಿಲು ತೆರೆದಿತ್ತು. ಒಳಗೆ ನುಗ್ಗಿದರೆ ಅತ್ತೆ ಫ್ರಿಜ್ಜಿನ ಮುಂದೆ ಊಟದ ಮಣೆ ಹಾಕಿಕೊಂಡು, ಅದರ ಮೇಲೆ ನಿಂತು, ಹಸಿ ಕೈಯಲ್ಲೇ ಹಿಡಿಕೆ ಹಿಡಿದಿದ್ದರು!

ಓಡಿ ಮೇನ್ ಸ್ವಿಚ್ ಆರಿಸಿದೆ.

"ಹೌಹಾರತಿ ಯಾಕ? ಒಮ್ಮೆ ಕೈ ಝಾಡಿಸಿ ಒಗೀತು. ಆಮ್ಯಾಲ ಮಣಿ ಹಾಕ್ಕೊಂಡೆ. ಈಗ ಏನೂ ಆಗವಲ್ದು" ಎಂದು ನಕ್ಕರು. ಫೋನನ್ನು ಹೊರಗಿನ ಕಟ್ಟೆಯ ಮೇಲೆ ಮರೆತಿದ್ದರಂತೆ. ನಾನು ಅಲ್ಲೇ ನೆಲಕ್ಕೆ ಕುಳಿತು ಅವರನ್ನು ಬೈಯುತ್ತ ಗೊಳೋ ಎಂದು ಅತ್ತುಬಿಟ್ಟೆ.

ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದು ಸ್ವಿಚ್ ಬೋರ್ಡ್ ಬಿಚ್ಚಿದ. ಫ್ರಿಜ್ಜಿಗೆ ಐಎಸ್‌ಐ ಗುರುತಿತ್ತು, ಮೂರು ಪಿನ್ನಿನ ಪ್ಲಗ್ ಇತ್ತು, ಬೋರ್ಡಿನಲ್ಲಿ ಮೂರು ತೂತೂ ಇದ್ದವು. ಆದರೆ ಮೂರನೆಯ ತೂತಿನ ಹಿಂದೆ ವೈರೇ ಇರಲಿಲ್ಲ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗನ್ನು ಮನೆ ಕಟ್ಟಿದಾಗಿನಿಂದಲೂ ಹಾಕಿಯೇ ಇರಲಿಲ್ಲ.

ಮಾಲೀಕರೂ ಬಂದಿದ್ದರು. "ಇಷ್ಟ ದಿನಾ ಏನೂ ಆಗಿಲ್ಲಲ್ರೀ" ಎಂದು ರಾಗ ತೆಗೆದರು.

ಅಲ್ಲಿಯವರೆಗೆ ನಗುತ್ತಿದ್ದ ಅತ್ತೆಯ ಮುಖ ಬದಲಾಯಿತು. "ಆಗಿದ್ರ ನಿನಗ ಗೊತ್ತರ ಆಗ್ತಿತ್ತೇನಪಾ? ನಾ ಇಲ್ಲೇ ಬಿದ್ದು ಸತ್ತಿದ್ರ, ಮುದುಕಿಗೆ ಹಾರ್ಟ್ ಅಟ್ಯಾಕ್ ಆತು ಅಂತ ಮಣ್ಣು ಮಾಡಿ ಬರ್ತಿದ್ರಿ. ಕರೆಂಟಿನ ಸುದ್ದಿ ಯಾರು ಎತ್ತತಿದ್ರು?"

ಆ ವಾರವೇ ಅರ್ಥಿಂಗ್ ಆಯಿತು. ಆದರೆ ಅತ್ತೆಯ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮಾಲೀಕರಿಗೆ ಗೊತ್ತಾಗದಿದ್ದರೂ, ಸತ್ತದ್ದು ಕರೆಂಟಿನಿಂದ ಎಂದು ನನಗೆ ಗೊತ್ತಾಗುತ್ತಿತ್ತು. ಮಣ್ಣಿಗೆ ಬಂದ ಜನರ ಮುಂದೆ ಆ ಚಪ್ಪಲಿಯ ಸುದ್ದಿಯನ್ನು ಬಾಯಿ ಬಿಟ್ಟು ಹೇಳುತ್ತಿದ್ದೆನೋ ಇಲ್ಲವೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ.